ತೆಳು ಲ್ಯಾಪ್‌ಟಾಪ್‌ಗೆ ಹೊಸ ಎಸ್‌ಎಸ್‌ಡಿ: ಅಳತೆ ಮೊದಲು, ವೇಗ ಆಮೇಲೆ

ಹಬ್ಬಕ್ಕೆ ಊರಿಗೆ ಹೋದಾಗ ತಂಗಿ ಲ್ಯಾಪ್‌ಟಾಪ್ ತಂದು ಮುಂದಿಟ್ಟಳು. "ಅಣ್ಣಾ, ಸಿ ಡ್ರೈವ್ ಯಾವಾಗ ನೋಡಿದ್ರೂ ಕೆಂಪು. ವಿಂಡೋಸ್ ಅಪ್‌ಡೇಟೂ ಆಗ್ತಿಲ್ಲ. ಹೊಸದೇ ತಗೋಬೇಕಾ?"

ತೆರೆದು ನೋಡಿದೆ. 256 ಜಿಬಿ ಡ್ರೈವ್, ಉಳಿದಿದ್ದು 4 ಜಿಬಿ. ಬೇರೆಲ್ಲ ಚೆನ್ನಾಗಿತ್ತು. ಪರದೆ ಚೆನ್ನಾಗಿದೆ, ಕೀಬೋರ್ಡ್ ಸರಿಯಿದೆ, ಬ್ಯಾಟರಿ ಇನ್ನೂ ನಾಲ್ಕೈದು ಗಂಟೆ ಬರುತ್ತದೆ. ಇಂಥ ಲ್ಯಾಪ್‌ಟಾಪನ್ನು ಬರೀ ಜಾಗ ಸಾಲದು ಅಂತ ಮೂಲೆಗೆ ಹಾಕುವುದು ನನಗೆ ನಿಜಕ್ಕೂ ಹೊಟ್ಟೆ ಉರಿಸುವ ವಿಷಯ. ಫೈಲ್‌ಗಳೆಲ್ಲ ಕೂತಿರುವ ಒಳಗಿನ ಡ್ರೈವ್, ಅಂದರೆ ಎಸ್‌ಎಸ್‌ಡಿ, ಒಂದನ್ನು ಬದಲಾಯಿಸಿದರೆ ಇನ್ನೂ ನಾಲ್ಕು ವರ್ಷ ಆರಾಮಾಗಿ ಓಡುತ್ತದೆ.

ಆದರೆ ತೆಳು ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಆರಿಸುವಾಗ ಬಹಳ ಜನ ತಲೆಕೆಳಗಾಗಿ ಶುರು ಮಾಡುತ್ತಾರೆ. ಡಬ್ಬದ ಮೇಲಿನ ವೇಗ ನೋಡುತ್ತಾರೆ, ಬೆಲೆ ನೋಡುತ್ತಾರೆ, ಕೊಂಡು ತರುತ್ತಾರೆ. ಆಮೇಲೆ ಹಿಂಬದಿ ಬಿಚ್ಚಿ ನೋಡಿದರೆ ಅದು ಕೂರುವುದೇ ಇಲ್ಲ. ನಾನೂ ಹೀಗೆ ಮಾಡಿದ್ದೇನೆ. ಗೆಳೆಯನೊಬ್ಬನಿಗೆ 2 ಟಿಬಿ ಡ್ರೈವ್ ತರಿಸಿಕೊಟ್ಟೆ. ಉದ್ದ ಸರಿಯಿತ್ತು, ಜಾತಿ ಸರಿಯಿತ್ತು. ಆದರೆ ಅದರ ಎರಡೂ ಬದಿಯಲ್ಲಿ ಚಿಪ್ ಇತ್ತು. ಸ್ಕ್ರೂ ಬಿಗಿದಾಗ ಹಲಗೆ ಬಿಲ್ಲಿನ ಹಾಗೆ ಬಾಗಿತು. ಬಿಚ್ಚಿ ಹಿಂದಿರುಗಿಸಬೇಕಾಯಿತು. ಹಾಗಾಗಿ ಈ ಬರಹದ ಅರ್ಧ ಭಾಗ ಅಂಗಡಿಗೆ ಹೋಗುವ ಮೊದಲು ಮಾಡುವ ಕೆಲಸದ ಬಗ್ಗೆಯೇ ಇದೆ.

ಹೆಜ್ಜೆ 1: ಬದಲಾಯಿಸಲು ಆಗುತ್ತದಾ ಅಂತ ಮೊದಲು ತಿಳಿದುಕೊಳ್ಳಿ

ಎಲ್ಲ ತೆಳು ಲ್ಯಾಪ್‌ಟಾಪ್‌ನಲ್ಲೂ ಎಸ್‌ಎಸ್‌ಡಿ ಬಿಚ್ಚಲು ಬರುವುದಿಲ್ಲ. ಆಪಲ್‌ನ ಮ್ಯಾಕ್‌ಬುಕ್ ಏರ್‌ನಲ್ಲಿ 2018ರ ಮಾದರಿಯಿಂದ ಈಚೆಗೆ ಸ್ಟೋರೇಜ್ ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರುತ್ತದೆ. ಅದಕ್ಕೆ ಹೊರಗಿನ ಯುಎಸ್‌ಬಿ-ಸಿ ಎಸ್‌ಎಸ್‌ಡಿ ಒಂದೇ ದಾರಿ. ಕಡಿಮೆ ಬೆಲೆಯ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ 64 ಅಥವಾ 128 ಜಿಬಿ ಇಎಂಎಂಸಿ (ಎಸ್‌ಎಸ್‌ಡಿ ಬದಲು ಹಾಕುವ ಅಗ್ಗದ ಸ್ಟೋರೇಜ್ ಚಿಪ್) ಇದ್ದರೆ ಅದೂ ಬೆಸುಗೆ ಹಾಕಿದ್ದೇ. ಅಂಥ ಕೆಲವದರಲ್ಲಿ ಪಕ್ಕದಲ್ಲಿ ಖಾಲಿ ಸ್ಲಾಟ್ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ.

ತಿಳಿಯುವುದು ಕಷ್ಟವಲ್ಲ. ಲ್ಯಾಪ್‌ಟಾಪ್ ಕೆಳಗಿನ ಚೀಟಿಯಲ್ಲಿ ಪೂರ್ತಿ ಮಾದರಿ ಸಂಖ್ಯೆ ಇರುತ್ತದೆ. ಬರೀ ಸೀರೀಸ್ ಹೆಸರು ಸಾಲದು, ಪೂರ್ತಿ ಸಂಖ್ಯೆ ಬೇಕು. ಒಂದೇ ಹೆಸರಿನಲ್ಲಿ ಹತ್ತು ಬಗೆ ಬಂದಿರುತ್ತವೆ. ಆ ಸಂಖ್ಯೆಯ ಜೊತೆ ಸರ್ವಿಸ್ ಮ್ಯಾನ್ಯುಯಲ್ ಅಂತ ಹುಡುಕಿ. ಡೆಲ್, ಎಚ್‌ಪಿ, ಲೆನೊವೊ ಮೂವರೂ ತಮ್ಮ ಬಹುಪಾಲು ಲ್ಯಾಪ್‌ಟಾಪ್‌ಗಳ ಮ್ಯಾನ್ಯುಯಲನ್ನು ಉಚಿತವಾಗಿ ಕೊಡುತ್ತಾರೆ. ಯಾವ ಸ್ಕ್ರೂ ಎಲ್ಲಿದೆ, ಯಾವ ಅಳತೆಯ ಡ್ರೈವ್ ಕೂರುತ್ತದೆ ಅಂತ ಚಿತ್ರ ಸಮೇತ ಇರುತ್ತದೆ. ಲೆನೊವೊದ ಪಿಎಸ್‌ರೆಫ್ ತಾಣದಲ್ಲಂತೂ ಡ್ರೈವ್ ಅಳತೆ ನೇರವಾಗಿ ಬರೆದಿರುತ್ತಾರೆ.

ವಾರಂಟಿ ಇನ್ನೂ ಇದ್ದರೆ ಅದೇ ಮ್ಯಾನ್ಯುಯಲ್‌ನಲ್ಲಿ ಗ್ರಾಹಕರೇ ಬದಲಿಸಬಹುದಾದ ಭಾಗಗಳ ಪಟ್ಟಿ ನೋಡಿ. ಎಸ್‌ಎಸ್‌ಡಿ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಬಿಚ್ಚುವ ಮೊದಲು ಕಂಪನಿಗೆ ಫೋನ್ ಮಾಡಿ ಕೇಳಿಬಿಡಿ.

ಹೆಜ್ಜೆ 2: ಈಗಿರುವ ಡ್ರೈವ್ ಯಾವ ಜಾತಿ?

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಅಂತ ಇರುವ ಕಡೆ ಹೋಗಿ ಡಿಸ್ಕ್ ಮೇಲೆ ಕ್ಲಿಕ್ ಮಾಡಿ. ಮೇಲೆ ಬಲಗಡೆ ಡ್ರೈವ್‌ನ ಮಾದರಿ ಸಂಖ್ಯೆ ಕಾಣುತ್ತದೆ. ಬರೆದಿಟ್ಟುಕೊಳ್ಳಿ. ಅದನ್ನು ಹುಡುಕಿದರೆ ಉದ್ದ, ಜಾತಿ ಎರಡೂ ಗೊತ್ತಾಗುತ್ತದೆ.

ಜಾತಿ ಅಂದರೆ ಮುಖ್ಯವಾಗಿ ಎರಡು. ಸಾಟಾ ಮತ್ತು ಎನ್‌ವಿಎಂಇ. ಸಾಟಾ ಡ್ರೈವ್ ಎಷ್ಟೇ ಒಳ್ಳೆಯದಿರಲಿ, ಸೆಕೆಂಡಿಗೆ 550 ಎಂಬಿ ಆಸುಪಾಸಿನಲ್ಲಿ ನಿಲ್ಲುತ್ತದೆ. ಎನ್‌ವಿಎಂಇ ಡ್ರೈವ್ ಪಿಸಿಐಇ ಅನ್ನುವ ಇನ್ನೂ ವೇಗದ ದಾರಿಯಲ್ಲಿ ಮಾತಾಡುತ್ತದೆ. ಪಿಸಿಐಇ 3.0 ಸ್ಲಾಟ್‌ನಲ್ಲಿ ಸುಮಾರು 3500 ಎಂಬಿ, 4.0ರಲ್ಲಿ ಸುಮಾರು 7000 ಎಂಬಿ ತನಕ ಹೋಗುತ್ತದೆ.

ಇಲ್ಲೊಂದು ಗೊಂದಲ ಇದೆ. ಎಂ.2 ಅನ್ನುವುದು ಆಕಾರದ ಹೆಸರು ಅಷ್ಟೇ, ಜಾತಿಯ ಹೆಸರಲ್ಲ. ಚೂಯಿಂಗ್ ಗಮ್ ಪಟ್ಟಿಯಂಥ ಅದೇ ಆಕಾರದಲ್ಲಿ ಸಾಟಾನೂ ಬರುತ್ತದೆ, ಎನ್‌ವಿಎಂಇನೂ ಬರುತ್ತದೆ. ಚಿನ್ನದ ಬಣ್ಣದ ಹಲ್ಲುಗಳಿರುವ ತುದಿ ನೋಡಿ. ಒಂದೇ ಕಚ್ಚು ಇದ್ದರೆ ಹೆಚ್ಚಾಗಿ ಎನ್‌ವಿಎಂಇ, ಎರಡು ಕಚ್ಚು ಇದ್ದರೆ ಹೆಚ್ಚಾಗಿ ಸಾಟಾ. ಎನ್‌ವಿಎಂಇಗೆ ಮಾತ್ರ ತಂತಿ ಎಳೆದಿರುವ ಸ್ಲಾಟ್‌ಗೆ ಸಾಟಾ ಡ್ರೈವ್ ಹಾಕಿದರೆ ಒಳಗೆ ಕೂರಬಹುದು, ಆದರೆ ಲ್ಯಾಪ್‌ಟಾಪ್‌ಗೆ ಅದು ಕಾಣುವುದೇ ಇಲ್ಲ.

ಸ್ಲಾಟ್ ಎಷ್ಟನೇ ತಲೆಮಾರಿನದು ಅಂತ ಪ್ರೊಸೆಸರ್ ನೋಡಿ ಅಂದಾಜು ಮಾಡಬಹುದು. ಇಂಟೆಲ್ ಕೋರ್ ಲ್ಯಾಪ್‌ಟಾಪ್‌ಗಳಲ್ಲಿ 11ನೇ ತಲೆಮಾರಿನಿಂದ ಪಿಸಿಐಇ 4.0 ಬಂತು. ಎಎಂಡಿಯಲ್ಲಿ ರೈಜನ್ 6000 ಸೀರೀಸ್‌ನಿಂದ. ಆದರೆ ರೈಜನ್ 5 7530ಯು ಥರದವು ಹೆಸರಿನಲ್ಲಿ ಹೊಸದಾದರೂ ಒಳಗೆ ಹಳೆಯ ವಿನ್ಯಾಸ. ಅವು 3.0 ಮಾತ್ರ. 4.0 ಡ್ರೈವನ್ನು 3.0 ಸ್ಲಾಟ್‌ಗೆ ಹಾಕಿದರೆ ಏನೂ ಹಾಳಾಗುವುದಿಲ್ಲ, 3.0 ವೇಗದಲ್ಲಿ ಓಡುತ್ತದೆ ಅಷ್ಟೇ. ಎರಡರ ಬೆಲೆ ಒಂದೇ ಇದ್ದರೆ 4.0 ತಗೊಳ್ಳಿ. ಜಾಸ್ತಿ ಇದ್ದರೆ ಸುಮ್ನೆ ದುಡ್ಡು ಕೊಡಬೇಡಿ.

ಹೆಜ್ಜೆ 3: ಉದ್ದ ಮತ್ತು ದಪ್ಪ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯ ಹೆಜ್ಜೆ ಇದು.

ಎಂ.2 ಡ್ರೈವ್‌ಗೆ 2280, 2242, 2230 ಅಂತ ನಾಲ್ಕಂಕಿಯ ಅಳತೆ ಇರುತ್ತದೆ. ಮೊದಲ ಎರಡಂಕಿ ಅಗಲ, 22 ಮಿಲಿಮೀಟರ್. ಉಳಿದ ಎರಡು ಉದ್ದ. 2280 ಅಂದರೆ 80 ಮಿ.ಮೀ. ಉದ್ದ, ಅಂಗಡಿಯಲ್ಲಿ ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ಇದೇ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿಗೆ ಜಾಗ ಉಳಿಸಲು 2242 ಅಥವಾ 2230 ಹಾಕಿರುತ್ತಾರೆ. ಮೈಕ್ರೋಸಾಫ್ಟ್ ಸರ್ಫೇಸ್ ಲ್ಯಾಪ್‌ಟಾಪ್ 3ರಲ್ಲಿರುವುದು 2230. ಲೆನೊವೊದ ಎಷ್ಟೋ ತೆಳು ಮಾದರಿಗಳಲ್ಲಿ 2242 ಬರುತ್ತದೆ.

ಒಳಗೆ ಚಿಕ್ಕ ಡ್ರೈವ್ ಇದೆ ಅಂದ ಮಾತ್ರಕ್ಕೆ ಚಿಕ್ಕದೇ ಬೇಕು ಅಂತಲ್ಲ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಚಿಕ್ಕ ಡ್ರೈವ್‌ಗೆ ಲೋಹದ ಪಟ್ಟಿ ಸೇರಿಸಿ ಉದ್ದ ಮಾಡಿರುತ್ತಾರೆ, ಸ್ಕ್ರೂ ತೂತು 80 ಮಿ.ಮೀ. ದೂರದಲ್ಲೇ ಇರುತ್ತದೆ. ಅಲ್ಲಿ ಪಟ್ಟಿ ತೆಗೆದು 2280 ಹಾಕಬಹುದು. ತಂಗಿಯ ಲ್ಯಾಪ್‌ಟಾಪ್‌ನಲ್ಲಿ ಹೀಗೇ ಇತ್ತು. ಹೊರಗಿನಿಂದ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಅದಕ್ಕೇ ನಾನು ಯಾವಾಗಲೂ ಕೊಳ್ಳುವ ಮೊದಲೇ ಒಮ್ಮೆ ಹಿಂಬದಿ ಬಿಚ್ಚಿ, ಸ್ಕೇಲ್ ಇಟ್ಟು ಅಳೆದು, ಫೋಟೋ ತೆಗೆದುಕೊಂಡು ಮುಚ್ಚುತ್ತೇನೆ. ಎರಡು ಸಲ ಬಿಚ್ಚುವುದು ಬೇಸರ ನಿಜ. ಆದರೆ ತಪ್ಪು ಡ್ರೈವ್ ಹಿಂದಿರುಗಿಸಲು ಓಡಾಡುವುದಕ್ಕಿಂತ ವಾಸಿ.

ಇನ್ನು ದಪ್ಪ. ಚಿಪ್‌ಗಳು ಒಂದೇ ಬದಿಯಲ್ಲಿದ್ದರೆ ಡ್ರೈವ್ ಸುಮಾರು 2.4 ಮಿ.ಮೀ. ದಪ್ಪ ಇರುತ್ತದೆ. ಕಂಪನಿಯ ವಿವರ ಪಟ್ಟಿಯಲ್ಲಿ 2.3, 2.38 ಅಂತೆಲ್ಲ ಕಾಣುತ್ತದೆ. ಎರಡೂ ಬದಿಯಲ್ಲಿದ್ದರೆ 3.5 ಮಿ.ಮೀ. ಆಸುಪಾಸು. ಡಬ್ಬದ ಮೇಲೆ ಇದನ್ನು ಯಾರೂ ದೊಡ್ಡದಾಗಿ ಬರೆಯುವುದಿಲ್ಲ. ವಿವರ ಪಟ್ಟಿಯಲ್ಲಿ ದಪ್ಪ ನೋಡಿ, ಇಲ್ಲವೇ ಡ್ರೈವ್‌ನ ಹಿಂಬದಿಯ ಫೋಟೋ ಹುಡುಕಿ. ತೆಳು ಲ್ಯಾಪ್‌ಟಾಪ್‌ಗೆ ಒಂದೇ ಬದಿಯದೇ ಬೇಕು ಅಂತ ಇಟ್ಟುಕೊಳ್ಳಿ. 2 ಟಿಬಿ, 4 ಟಿಬಿ ಕೊಳ್ಳುವಾಗ ಇನ್ನೂ ಹುಷಾರು. ಒಂದೇ ಹೆಸರಿನ ಡ್ರೈವ್ 1 ಟಿಬಿಯಲ್ಲಿ ಒಂದು ಬದಿ, ದೊಡ್ಡದರಲ್ಲಿ ಎರಡು ಬದಿ ಆಗಿರಬಹುದು.

ಹೀಟ್‌ಸಿಂಕ್ (ಬಿಸಿ ಇಳಿಸುವ ದಪ್ಪ ಲೋಹ) ಅಂಟಿಸಿರುವ ಡ್ರೈವ್‌ಗಳು ಡೆಸ್ಕ್‌ಟಾಪ್‌ಗೆ. ಅವು ತೆಳು ಲ್ಯಾಪ್‌ಟಾಪ್ ಒಳಗೆ ಹೋಗುವುದೇ ಇಲ್ಲ.

ಹೆಜ್ಜೆ 4: ಈಗ ಡ್ರೈವ್ ಆರಿಸಿ

ಅಂಗಡಿಯಲ್ಲಿ ಮೊದಲು ಕೇಳಿಬರುವ ಮಾತು "ಸರ್, ಇದು ಏಳು ಸಾವಿರ ಸ್ಪೀಡ್". ಆ ಸಂಖ್ಯೆ ದೊಡ್ಡ ಫೈಲ್ ಒಂದನ್ನು ಒಂದೇ ಸಮನೆ ಓದುವಾಗಿನದು. ಬ್ರೌಸರ್ ತೆರೆಯುವುದು, ವಿಂಡೋಸ್ ಶುರುವಾಗುವುದು, ಟ್ಯಾಲಿ ಓಡಿಸುವುದು, ಇವೆಲ್ಲ ಸಾವಿರಾರು ಚಿಕ್ಕ ಫೈಲ್‌ಗಳ ಆಟ. ಅಲ್ಲಿ 3500 ಡ್ರೈವ್‌ಗೂ 7000 ಡ್ರೈವ್‌ಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಬಹಳ ಕಡಿಮೆ. ಆದರೆ ಬಿಸಿಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ವೇಗದ ಡ್ರೈವ್ ಪೂರ್ತಿ ದುಡಿಯುವಾಗ ಹಲವು ವ್ಯಾಟ್ ವಿದ್ಯುತ್ ತಿನ್ನುತ್ತದೆ. ಫ್ಯಾನ್ ಗಾಳಿ ತಾಗದ ಮೂಲೆಯಲ್ಲಿ ಕೂತ ಡ್ರೈವ್ ಕಾದು, ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೂ ಅದರ ಬಿಸಿ ತಟ್ಟುತ್ತದೆ, ಬ್ಯಾಟರಿಗೂ ತಟ್ಟುತ್ತದೆ.

ಹಾಗಾಗಿ ನನ್ನ ಸಲಹೆ: ಡಿರ್‍ಯಾಮ್ (ಡ್ರೈವ್‌ನದೇ ಪುಟ್ಟ ಮೆಮೊರಿ ಚಿಪ್) ಇಲ್ಲದ, ಟಿಎಲ್‌ಸಿ ಚಿಪ್ (ಇದನ್ನು ಕೆಳಗೆ ಹೇಳುತ್ತೇನೆ) ಇರುವ, ಒಂದೇ ಬದಿಯ, ಮಧ್ಯಮ ವೇಗದ ಡ್ರೈವ್. ಡಿರ್‍ಯಾಮ್ ಇಲ್ಲ ಅಂದರೆ ಕಳಪೆ ಅಂತ ತುಂಬ ಜನ ಹೇಳುತ್ತಾರೆ. ಸಾಟಾ ಕಾಲದಲ್ಲಿ ಅದು ನಿಜವಾಗಿತ್ತು. ಎನ್‌ವಿಎಂಇ ಡ್ರೈವ್‌ಗಳು ಲ್ಯಾಪ್‌ಟಾಪ್‌ನ ರ್‍ಯಾಮ್‌ನಿಂದಲೇ ಕೆಲವು ಎಂಬಿ ಸಾಲ ತಗೊಂಡು ಕೆಲಸ ಸಾಗಿಸುತ್ತವೆ. ಇದಕ್ಕೆ ಹೋಸ್ಟ್ ಮೆಮೊರಿ ಬಫರ್ ಅನ್ನುತ್ತಾರೆ. ಮನೆ, ಕಚೇರಿ ಕೆಲಸಕ್ಕೆ ಇದು ಧಾರಾಳ ಸಾಕು. ಒಂದು ಚಿಪ್ ಕಡಿಮೆ ಇರುವುದರಿಂದ ಬಿಸಿಯೂ ಕಡಿಮೆ. ಡಬ್ಲ್ಯುಡಿ ಬ್ಲೂ ಎಸ್‌ಎನ್580, ಡಬ್ಲ್ಯುಡಿ ಬ್ಲ್ಯಾಕ್ ಎಸ್‌ಎನ್770, ಸ್ಯಾಮ್‌ಸಂಗ್ 980, ಇವೆಲ್ಲ ಈ ಬಗೆಯವೇ. 980 ಪಿಸಿಐಇ 3.0, ಉಳಿದೆರಡು 4.0. ಇದೇ ಬಗೆಯ ಹೊಸ ಮಾದರಿಗಳು ಬರುತ್ತಲೇ ಇರುತ್ತವೆ. ಹೆಸರಿಗಿಂತ ಬಗೆ ನೆನಪಿಡಿ.

ಟಿಎಲ್‌ಸಿ, ಕ್ಯೂಎಲ್‌ಸಿ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟಿಎಲ್‌ಸಿಯಲ್ಲಿ ಒಂದು ಕೋಶದಲ್ಲಿ 3 ಬಿಟ್, ಕ್ಯೂಎಲ್‌ಸಿಯಲ್ಲಿ 4 ಬಿಟ್ ತುಂಬುತ್ತಾರೆ. ಜಾಸ್ತಿ ತುಂಬಿದಷ್ಟು ಬೆಲೆ ಇಳಿಯುತ್ತದೆ, ಬರೆಯುವುದು ನಿಧಾನವಾಗುತ್ತದೆ, ಬಾಳಿಕೆಯೂ ಇಳಿಯುತ್ತದೆ. 1 ಟಿಬಿಯ ಎಸ್‌ಎನ್770ಕ್ಕೆ ಕಂಪನಿ ಹೇಳುವ ಬರೆಯುವ ಬಾಳಿಕೆ 600 ಟಿಬಿ. ಕ್ಯೂಎಲ್‌ಸಿಯ ಕ್ರೂಶಲ್ ಪಿ3 ಪ್ಲಸ್ 1 ಟಿಬಿಗೆ 220 ಟಿಬಿ.

ಈ ಸಂಖ್ಯೆ ನೋಡಿ ಹೆದರಬೇಡಿ. ದಿನಕ್ಕೆ 40 ಜಿಬಿ ಬರೆದರೂ 220 ಟಿಬಿ ಮುಗಿಯಲು 15 ವರ್ಷ ಬೇಕು. ನಮ್ಮಲ್ಲಿ ಹೆಚ್ಚಿನವರು ದಿನಕ್ಕೆ ಅಷ್ಟು ಬರೆಯುವುದೂ ಇಲ್ಲ. ಕ್ಯೂಎಲ್‌ಸಿಯ ನಿಜವಾದ ತೊಂದರೆ ಬೇರೆ. ಅದರ ವೇಗದ ಭಾಗ ತುಂಬಿದ ಮೇಲೆ ಬರೆಯುವ ವೇಗ ಹಳೆಯ ಹಾರ್ಡ್ ಡಿಸ್ಕ್ ಮಟ್ಟಕ್ಕೆ ಇಳಿಯಬಹುದು. ಮದುವೆ ವಿಡಿಯೋ 200 ಜಿಬಿ ಒಂದೇ ಸಲ ಕಾಪಿ ಮಾಡುವವರಿಗೆ ಇದು ಪ್ರಾಣ ತಿನ್ನುತ್ತದೆ. ಕಾಲೇಜು ನೋಟ್ಸ್, ಎಕ್ಸೆಲ್ ಅಷ್ಟೇ ಆದರೆ ಗೊತ್ತೂ ಆಗುವುದಿಲ್ಲ. ಬೆಲೆ ವ್ಯತ್ಯಾಸ ಕಡಿಮೆ ಇದ್ದರೆ ಟಿಎಲ್‌ಸಿ ತಗೊಳ್ಳಿ.

ಎಷ್ಟು ದೊಡ್ಡದು? 256 ಇದ್ದವರು 512ಕ್ಕೆ ಹೋದರೆ ಎರಡು ವರ್ಷದಲ್ಲಿ ಮತ್ತೆ ಇದೇ ಕಥೆ. ಕೈಲಾದರೆ 1 ಟಿಬಿ. ವಿಂಡೋಸ್‌ನಲ್ಲಿ ಅದು 931 ಜಿಬಿ ಅಂತ ಕಾಣುತ್ತದೆ, ಅದು ಮೋಸವಲ್ಲ, ಎಣಿಸುವ ರೀತಿ ಬೇರೆ.

ಹೆಜ್ಜೆ 5: ಕೊಳ್ಳುವಾಗ

ಬೆಂಗಳೂರಿನವರಿಗೆ ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಎಸ್‌ಪಿ ರೋಡ್ ಗೊತ್ತೇ ಇದೆ. ಅಲ್ಲಾಗಲಿ, ಆನ್‌ಲೈನ್ ಆಗಲಿ, ಜಿಎಸ್‌ಟಿ ಬಿಲ್ ತಗೊಳ್ಳಿ. ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ. ಆ ನಂಬರನ್ನು ಕಂಪನಿ ತಾಣದಲ್ಲಿ ಹಾಕಿದರೆ ವಾರಂಟಿ ಎಷ್ಟಿದೆ ಅಂತ ಗೊತ್ತಾಗುತ್ತದೆ. ಅಂಗಡಿಯಲ್ಲೇ ನಿಂತು ಫೋನಿನಲ್ಲಿ ನೋಡಿಬಿಡಿ.

2230, 2242 ಕೊಳ್ಳುವವರು ಇನ್ನೂ ಒಂದು ವಿಷಯ ತಿಳಿದಿರಬೇಕು. ಈ ಚಿಕ್ಕ ಡ್ರೈವ್‌ಗಳಲ್ಲಿ ಹಲವು, ಹೊಸ ಲ್ಯಾಪ್‌ಟಾಪ್‌ಗಳಿಂದ ಬಿಚ್ಚಿದವು. ಡಬ್ಬ ಇರುವುದಿಲ್ಲ, ಬರೀ ಕವರ್‌ನಲ್ಲಿ ಬರುತ್ತವೆ. ಡ್ರೈವ್ ಒಳ್ಳೆಯದೇ ಇರಬಹುದು, ಆದರೆ ವಾರಂಟಿ ತಯಾರಕರದ್ದಲ್ಲ, ಅಂಗಡಿಯವರದ್ದು. ಬೆಲೆ ಅದಕ್ಕೆ ತಕ್ಕ ಹಾಗೆ ಇಳಿದಿದ್ದರೆ ಮಾತ್ರ ಕೊಳ್ಳಿ.

ಜೊತೆಗೆ ಎನ್‌ವಿಎಂಇ ಎನ್‌ಕ್ಲೋಷರ್ ಒಂದು, ಅಂದರೆ ಡ್ರೈವನ್ನು ಯುಎಸ್‌ಬಿಗೆ ಜೋಡಿಸುವ ಪುಟ್ಟ ಡಬ್ಬಿ, ತಗೊಳ್ಳಿ. ಅದರಲ್ಲಿ ಹೊಸ ಡ್ರೈವ್ ಹಾಕಿ ಕ್ಲೋನ್ (ಹಳೆಯದರ ಪೂರ್ತಿ ನಕಲು) ಮಾಡಬಹುದು, ಆಮೇಲೆ ಹಳೆಯ ಡ್ರೈವನ್ನು ಪೆನ್‌ಡ್ರೈವ್ ಥರ ಬಳಸಬಹುದು.

ಹೆಜ್ಜೆ 6: ಬ್ಯಾಕಪ್, ಆಮೇಲೆ ಬಿಟ್‌ಲಾಕರ್ ಕೀಲಿ

ಫೋಟೋ, ದಾಖಲೆ ಎಲ್ಲವನ್ನೂ ಇನ್ನೊಂದು ಕಡೆ ಕಾಪಿ ಮಾಡಿ. ಇದನ್ನು ನಾಳೆಗೆ ಮುಂದೂಡಬೇಡಿ.

ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ತನ್ನಷ್ಟಕ್ಕೆ ಎನ್‌ಕ್ರಿಪ್ಟ್ ಆಗಿರುವುದು, ಅಂದರೆ ವಿಂಡೋಸ್‌ನ ಬಿಟ್‌ಲಾಕರ್‌ನಿಂದ ಬೀಗ ಹಾಕಿಕೊಂಡಿರುವುದು, ಸಾಮಾನ್ಯ, ನಿಮಗೆ ಗೊತ್ತೇ ಇರುವುದಿಲ್ಲ. ಸೆಟ್ಟಿಂಗ್ಸ್ ಒಳಗೆ ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಅದರಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ನೋಡಿ. ಆನ್ ಇದ್ದರೆ ಮೊದಲು 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಆಮೇಲೆ ಎನ್‌ಕ್ರಿಪ್ಷನ್ ಆಫ್ ಮಾಡಿ, ಬೀಗ ಪೂರ್ತಿ ಬಿಚ್ಚಿಕೊಳ್ಳುವ ತನಕ ಕಾಯಿರಿ. ತಂಗಿಯ 256 ಜಿಬಿಗೆ ಊಟ ಮುಗಿಸಿ ಬರುವಷ್ಟು ಹೊತ್ತು ಹಿಡಿಯಿತು. ಈ ಕೀಲಿ ಇಲ್ಲದೆ ಕೆಲಸ ಶುರು ಮಾಡಿ ಸಿಕ್ಕಿಹಾಕಿಕೊಂಡರೆ ಒಳಗಿನ ಫೋಟೋ ಯಾರ ಕೈಯಲ್ಲೂ ತೆಗೆಯಲು ಆಗುವುದಿಲ್ಲ.

ಹೆಜ್ಜೆ 7: ಕ್ಲೋನ್ ಮಾಡಬೇಕಾ, ಹೊಸದಾಗಿ ಹಾಕಬೇಕಾ?

ಎಲ್ಲ ಸಾಫ್ಟ್‌ವೇರ್ ಇದ್ದ ಹಾಗೇ ಬೇಕಿದ್ದರೆ ಕ್ಲೋನ್. ಸ್ಯಾಮ್‌ಸಂಗ್, ಡಬ್ಲ್ಯುಡಿ, ಕ್ರೂಶಲ್ ಡ್ರೈವ್ ಕೊಂಡವರಿಗೆ ಆ ಕಂಪನಿಗಳು ಕ್ಲೋನ್ ಮಾಡುವ ತಂತ್ರಾಂಶ ಉಚಿತವಾಗಿ ಕೊಡುತ್ತವೆ. ಸ್ವಲ್ಪ ಕೈ ಪಳಗಿದವರಿಗೆ ಕ್ಲೋನ್‌ಝಿಲ್ಲಾ ಇದೆ. ಯಾವುದು ಹಳೆಯದು, ಯಾವುದು ಹೊಸದು ಅಂತ ಎರಡೆರಡು ಸಲ ನೋಡಿ ಒತ್ತಿ. ಅದಲುಬದಲಾದರೆ ಖಾಲಿ ಡ್ರೈವ್ ಬಂದು ತುಂಬಿದ ಡ್ರೈವ್ ಮೇಲೆ ಕೂರುತ್ತದೆ.

ಲ್ಯಾಪ್‌ಟಾಪ್ ಮೊದಲೇ ಕಸ ತುಂಬಿ ನಿಧಾನವಾಗಿದ್ದರೆ ಹೊಸದಾಗಿ ವಿಂಡೋಸ್ ಹಾಕುವುದೇ ಮೇಲು. 8 ಜಿಬಿ ಪೆನ್‌ಡ್ರೈವ್, ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಸಾಕು. ಲ್ಯಾಪ್‌ಟಾಪ್ ಜೊತೆ ಬಂದ ವಿಂಡೋಸ್ ಲೈಸೆನ್ಸ್ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ. ಅದೇ ಆವೃತ್ತಿ ಹಾಕಿದರೆ ಇಂಟರ್ನೆಟ್ ಸಿಕ್ಕಿದ ಕೂಡಲೇ ತಾನೇ ಆ್ಯಕ್ಟಿವೇಟ್ ಆಗುತ್ತದೆ.

ಇಂಟೆಲ್ 11ನೇ ತಲೆಮಾರು ಮತ್ತು ಆಮೇಲಿನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಹಾಕುವಾಗ ಡ್ರೈವ್ ಕಾಣುವುದೇ ಇಲ್ಲ. ಡ್ರೈವ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಇಂಟೆಲ್‌ನ ವಿಎಂಡಿ ಅನ್ನುವ ವ್ಯವಸ್ಥೆ ಅಡ್ಡ ಬಂದಿರುತ್ತದೆ. ನಿಮ್ಮ ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ರ್‍ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಅದೇ ಪೆನ್‌ಡ್ರೈವ್‌ನಲ್ಲಿ ಬಿಡಿಸಿಟ್ಟು, ಲೋಡ್ ಡ್ರೈವರ್ ಒತ್ತಿ ತೋರಿಸಿದರೆ ಡ್ರೈವ್ ಕಾಣುತ್ತದೆ.

ಹೆಜ್ಜೆ 8: ಬಿಚ್ಚಿ, ಕೂರಿಸಿ, ಮುಚ್ಚಿ

ಶಿಫ್ಟ್ ಹಿಡಿದು ಶಟ್‌ಡೌನ್ ಒತ್ತಿ, ಆಗ ಪೂರ್ತಿ ಆರುತ್ತದೆ. ಚಾರ್ಜರ್ ತೆಗೆಯಿರಿ. ಬೆಳಕಿರುವ ಮೇಜಿನ ಮೇಲೆ ಮೆತ್ತನೆ ಹತ್ತಿ ಬಟ್ಟೆ ಹಾಸಿ ಲ್ಯಾಪ್‌ಟಾಪ್ ಬೋರಲು ಹಾಕಿ. ಯಾವುದಾದರೂ ಲೋಹದ ವಸ್ತು ಮುಟ್ಟಿ ಮೈಯ ಸ್ಥಿರ ವಿದ್ಯುತ್ ಇಳಿಸಿಕೊಳ್ಳಿ.

ಸ್ಕ್ರೂಗಳು ಬೇರೆ ಬೇರೆ ಉದ್ದ ಇರುತ್ತವೆ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಬಿಗಿದರೆ ಮೇಲಿನ ಕೀಬೋರ್ಡ್ ಕಡೆ ಉಬ್ಬುತ್ತದೆ. ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪ್ ಚಿತ್ರ ಗೀಚಿ, ಯಾವುದು ಎಲ್ಲಿಂದ ಬಂತೋ ಅಲ್ಲೇ ಸೆಲ್ಲೋಟೇಪ್‌ನಿಂದ ಅಂಟಿಸಿ. ಎಲ್ಲ ಬಿಚ್ಚಿದರೂ ಮುಚ್ಚಳ ಏಳದಿದ್ದರೆ ರಬ್ಬರ್ ಕಾಲುಗಳ ಕೆಳಗೆ ಸ್ಕ್ರೂ ಅಡಗಿರಬಹುದು. ಅಂಚನ್ನು ಎಬ್ಬಿಸಲು ಹಳೆಯ ಎಟಿಎಂ ಕಾರ್ಡ್ ಬಳಸಿ. ಚಾಕು ಬೇಡ. ಒಳಗೆ ಬ್ಯಾಟರಿ ಇರುವುದು ಅಂಚಿನ ಪಕ್ಕದಲ್ಲೇ.

ಮುಚ್ಚಳ ಎದ್ದ ಮೇಲೆ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಚ್ಚುವುದು. ಕೆಲವು ಥಿಂಕ್‌ಪ್ಯಾಡ್‌ಗಳಲ್ಲಿ ಬಯಾಸ್‌ನಲ್ಲೇ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್) ಬ್ಯಾಟರಿ ನಿಲ್ಲಿಸುವ ಆಯ್ಕೆ ಇದೆ, ಅಂಥವರು ಬಿಚ್ಚುವ ಮೊದಲೇ ಅದನ್ನು ಮಾಡಿಕೊಳ್ಳಿ.

ಈಗ ಡ್ರೈವ್. ಅದರ ತುದಿಯ ಪುಟ್ಟ ಸ್ಕ್ರೂ ತೆಗೆದ ಕೂಡಲೇ ಡ್ರೈವ್ ತಾನೇ ಓರೆಯಾಗಿ ಎದ್ದು ನಿಲ್ಲುತ್ತದೆ. ಹೆದರಬೇಡಿ, ಸ್ಲಾಟ್‌ನ ಸ್ಪ್ರಿಂಗ್ ಕೆಲಸ ಅದು. ಅದೇ ಓರೆಯಲ್ಲಿ ನಿಧಾನ ಎಳೆಯಿರಿ. ಹೊಸದನ್ನೂ ಅದೇ ಓರೆಯಲ್ಲಿ, ಸುಮಾರು 30 ಡಿಗ್ರಿಯಲ್ಲಿ ತೂರಿಸಿ. ಚಿನ್ನದ ಹಲ್ಲುಗಳು ಬಹುಪಾಲು ಒಳಗೆ ಮುಳುಗಬೇಕು. ಮಟ್ಟಸವಾಗಿ ಒಂದು ಕೂದಲೆಳೆಯಷ್ಟು ಕಂಡರೆ ಸರಿ, ಒಂದು ಕಡೆ ಜಾಸ್ತಿ ಇನ್ನೊಂದು ಕಡೆ ಕಡಿಮೆ ಕಂಡರೆ ತೆಗೆದು ಮತ್ತೆ ತೂರಿಸಿ. ಬೆರಳಿನಿಂದ ಮೆಲ್ಲಗೆ ಕೆಳಗೊತ್ತಿ ಸ್ಕ್ರೂ ಹಾಕಿ. ಬೆರಳ ತುದಿಯ ಬಲ ಸಾಕು. ಒತ್ತಿದಾಗ ಡ್ರೈವ್ ನಡುವೆ ಉಬ್ಬಿದರೆ ಅಲ್ಲೇ ನಿಲ್ಲಿಸಿ, ದಪ್ಪ ಮತ್ತೊಮ್ಮೆ ನೋಡಿ.

ಹಳೆಯ ಡ್ರೈವ್ ಮೇಲೆ ತಾಮ್ರ ಅಥವಾ ಅಲ್ಯೂಮಿನಿಯಂ ಹೊದಿಕೆ, ಮೆತ್ತನೆ ಥರ್ಮಲ್ ಪ್ಯಾಡ್ ಇದ್ದರೆ ಅದನ್ನು ಹೊಸದಕ್ಕೆ ಹಾಕಲೇಬೇಕು. ಎಷ್ಟೋ ಜನ ಅದನ್ನು ಮೇಜಿನ ಮೇಲೇ ಮರೆಯುತ್ತಾರೆ. ಬ್ಯಾಟರಿ ಕನೆಕ್ಟರ್ ಮತ್ತೆ ಸೇರಿಸಿ ಮುಚ್ಚಿ.

ಹೆಜ್ಜೆ 9: ಆನ್ ಮಾಡಿದ ಮೇಲೆ

ಮೊದಲ ಸಲ ಆನ್ ಆಗಲು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯಬಹುದು. ಕ್ಲೋನ್ ಮಾಡಿದವರಿಗೆ ಸಿ ಡ್ರೈವ್ ಇನ್ನೂ 256 ಅಂತಲೇ ತೋರಿಸಬಹುದು. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಎಕ್ಸ್‌ಟೆಂಡ್ ಮಾಡಿ. ಆ ಆಯ್ಕೆ ಮಸುಕಾಗಿದ್ದರೆ ನಡುವೆ ರಿಕವರಿ ಪಾರ್ಟಿಷನ್ (ಡ್ರೈವ್‌ನ ಇನ್ನೊಂದು ಭಾಗ) ಅಡ್ಡ ಕೂತಿದೆ ಅಂತ ಅರ್ಥ. ಕ್ಲೋನ್ ಮಾಡುವಾಗಲೇ ಪಾರ್ಟಿಷನ್ ಹಿಗ್ಗಿಸುವ ಆಯ್ಕೆ ಬಳಸಿದರೆ ಈ ತಾಪತ್ರಯ ಬರುವುದಿಲ್ಲ.

ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ಉಚಿತ ತಂತ್ರಾಂಶ ಹಾಕಿ ಮೂರು ವಿಷಯ ನೋಡಿ. ಪವರ್ ಆನ್ ಗಂಟೆಗಳು ಎಷ್ಟು? ಹೊಸ ಡ್ರೈವ್‌ನಲ್ಲಿ ಅದು ಬೆರಳೆಣಿಕೆಯಷ್ಟಿರಬೇಕು. ಸಾವಿರ ಗಂಟೆ ಕಂಡರೆ ಅದು ಬಳಸಿದ ಡ್ರೈವ್, ಬಿಲ್ ಹಿಡಿದು ಅಂಗಡಿಗೆ ಹೋಗಿ. ಪಿಸಿಐಇ ವೇಗ ಸ್ಲಾಟ್‌ಗೆ ತಕ್ಕಂತೆ ಇದೆಯಾ? ಬಿಸಿ ಎಷ್ಟು? ಸುಮ್ಮನೆ ಇದ್ದಾಗ 35ರಿಂದ 50 ಡಿಗ್ರಿ ಇದ್ದರೆ ಚಿಂತೆಯಿಲ್ಲ. ದೊಡ್ಡ ಫೋಲ್ಡರ್ ಒಂದನ್ನು ಕಾಪಿ ಮಾಡುವಾಗ 80 ದಾಟುತ್ತಿದ್ದರೆ ಥರ್ಮಲ್ ಪ್ಯಾಡ್ ಸರಿಯಾಗಿ ತಾಗುತ್ತಿಲ್ಲ ಅಂತ ಅನುಮಾನಿಸಿ.

ಎಲ್ಲ ಸರಿಯಿದ್ದರೆ ಡಿವೈಸ್ ಎನ್‌ಕ್ರಿಪ್ಷನ್ ಮತ್ತೆ ಆನ್ ಮಾಡಿ. ಲ್ಯಾಪ್‌ಟಾಪ್ ಕಳೆದುಹೋದರೂ ಒಳಗಿನದು ಬೇರೆಯವರ ಕೈಗೆ ಸಿಗಬಾರದು ಅಲ್ವಾ. ಹಳೆಯ ಡ್ರೈವನ್ನು ಒಂದು ತಿಂಗಳು ಅಳಿಸದೆ ಇಟ್ಟಿರಿ. ಏನಾದರೂ ಬಿಟ್ಟುಹೋಗಿದ್ದು ನೆನಪಾಗುವುದು ಎರಡನೇ ವಾರದಲ್ಲೇ. ತಂಗಿಗೂ ಹಾಗೇ ಆಯಿತು, ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿದ್ದ ಮಾರ್ಕ್ಸ್ ಕಾರ್ಡ್ ಎನ್‌ಕ್ಲೋಷರ್‌ನಲ್ಲಿದ್ದ ಹಳೆಯ ಡ್ರೈವ್‌ನಿಂದ ಸಿಕ್ಕಿತು.